ಬಾಗಿದ ಬೆನ್ನಿನ ಚಿತ್ರ

ಮಗಳ ಡ್ರಾಯಿಂಗ್ ಪರೀಕ್ಷೆಗೆಂದು ತಂದಿದ್ದ ಇಂಡಿಯನ್ ಇಂಕಿನ ಸೀಸೆ ಮೊನ್ನೆ ಮೇಜಿನ ಮೇಲೆ ಉರುಳಿತು. ಒರೆಸುತ್ತ ಕೂತಾಗ ಕರ್ಪೂರದಂಥ ಆ ವಾಸನೆ ಮೂಗಿಗೆ ಹತ್ತಿ, ನಮ್ಮ ಡ್ರಾಯಿಂಗ್ ಮೇಡಂ ನೆನಪಾದರು.

ನಾನು ಕನ್ನಡ ಟೀಚರಾಗಿ ರಾಮನಗರದ ಶಾಲೆಗೆ ಸೇರಿದಾಗ ಅವರು ಅಲ್ಲಿ ಹಳಬರು. ಅವರ ಬಳಿ ವಿಕ್ಟೋರಿಯಾ ರಾಣಿಯ ಕಾಲದ, ಬೈಂಡು ಕಿತ್ತ ಇಂಗ್ಲಿಷ್ ಪತ್ರಿಕೆಯೊಂದಿತ್ತು. ಅದರ ತುಂಬ ಚಿತ್ರಗಳು: ಬಟ್ಟೆ ಒಗೆಯುವ ಹೆಂಗಸರು, ಮೀನು ಮಾರುವವಳು, ಒಲೆಯ ಮುಂದೆ ಕೂತ ಮುದುಕ... ಎಲ್ಲವೂ ಬರೀ ಕಪ್ಪು ಗೆರೆ. ಒತ್ತಾಗಿ ಎಳೆದರೆ ನೆರಳು, ಬಿಡಿಬಿಡಿಯಾಗಿ ಎಳೆದರೆ ಬೆಳಕು. ಅದನ್ನು ನೋಡಿ ನೋಡಿಯೇ ಅವರು ಕಲಿತದ್ದು. ಭಾನುವಾರ ಬಸ್ಸು ಹತ್ತಿ ಹತ್ತಿರದ ಹಳ್ಳಿ ಕೈಲಾಂಚದ ಕಡೆ ಹೋಗಿ ರಾಗಿ ಕೇರುವವರನ್ನು, ಡೈರಿ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತವರನ್ನು ಬರೆಯುತ್ತಿದ್ದರು. ಎಷ್ಟೋ ಸಲ ನಾನೂ ಜೊತೆಗೆ ಹೋಗಿದ್ದೇನೆ.

ಒಂದು ಮಧ್ಯಾಹ್ನ ಕೈಲಾಂಚದ ರೈತನೊಬ್ಬ ತಲೆ ಬೋಳಿಸಿಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ. ಅವನ ತಾಯಿ ತೀರಿಕೊಂಡಿದ್ದಳು. ಮನೆಯಲ್ಲಿ ಅವಳದೊಂದು ಫೋಟೊ ಕೂಡ ಇರಲಿಲ್ಲ. ಮೇಡಂ ಹಿಂದೊಮ್ಮೆ ಅವಳನ್ನು ಬರೆದಿದ್ದರಲ್ಲ, ತಿಥಿಗೆ ಇಡಲು ಆ ಚಿತ್ರ ಕೊಡಬೇಕೆಂದು ಕೇಳಿದ.

ಮೇಡಂ ಬೀರುವಿನಿಂದ ಹುಡುಕಿ ತೆಗೆದರು. ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿರುವ ಹೆಂಗಸು. ಬೆನ್ನು ಬಾಗಿದೆ, ಸೆರಗು ಮುಂದಕ್ಕೆ ಬಿದ್ದಿದೆ, ಮುಖ ಕಾಣುವುದಿಲ್ಲ. ಊಹಿಸಿ ಒಂದು ಮುಖ ಬರೆದುಕೊಡಿ ಎಂದು ನಾನೇ ಪಿಸುಗುಟ್ಟಿದೆ. ಅವರು ಪೆನ್ನನ್ನು ಹಾಳೆಯವರೆಗೆ ತಂದರು, ಮತ್ತೆ ಕೆಳಗಿಟ್ಟರು. ಬೆಳಕು ಬೆನ್ನಿನ ಮೇಲೆ ಚೆನ್ನಾಗಿ ಬಿದ್ದಿತ್ತೆಂದು ಬೆನ್ನನ್ನಷ್ಟೇ ನೋಡಿದ್ದೆ, ಮುಖ ನೋಡಲೇ ಇಲ್ಲ ಎಂದು ಅವನಿಗೆ ನೇರವಾಗಿ ಹೇಳಿದರು.

ಅವನು ಹಾಳೆಯನ್ನು ಕಿಟಕಿಯ ಬಳಿ ಒಯ್ದು ನೋಡಿದ.

“ಬುಡಿ ಮೇಡಂ. ನಾ ಹೊಲದಿಂದ ಬರೋವಾಗ ನಮ್ಮವ್ವ ಹಿಂಗೇ ಕುಂತಿರೋಳು. ಕೂಗುದ್ರೆ ತಿರುಗ್ತಾಳೆ ಅನ್ನಂಗೈತೆ.”

ತಿಥಿಗೆ ನಾವಿಬ್ಬರೂ ಹೋದೆವು. ಚಿತ್ರಕ್ಕೆ ಗಾಜು ಹಾಕಿಸಿ ಹೂವಿಟ್ಟಿದ್ದರು. ಪುಟ್ಟ ಮೊಮ್ಮಗಳು ಗಾಜಿನ ಮೇಲೆ ಬೆರಳಾಡಿಸುತ್ತಿದ್ದಳು. ಮೇಡಂ ಅನ್ನ ಕಲಸಿಕೊಂಡು ಉಣ್ಣದೆ ಕೂತಿದ್ದರು...

ಆಮೇಲೆ ಅವರು ಮುಖಗಳನ್ನು ಬರೆಯತೊಡಗಿದರು. ಮೊದಲು ಪಕ್ಕದಲ್ಲಿ ಕೂತು ಮಾತಾಡಿಸುವುದು, ಆಮೇಲೆ ಪೆನ್ನು. ಬರೆದದ್ದನ್ನು ಅವರವರ ಮನೆಗೇ ಕೊಟ್ಟು ಬರುತ್ತಿದ್ದರು. ನಿಜ ಹೇಳಬೇಕೆಂದರೆ ಮುಖ ಅವರ ಕೈಗೆ ಕೊನೆಗೂ ಒಗ್ಗಲಿಲ್ಲ. ಆದರೂ ಬಿಡಲಿಲ್ಲ.

ನಿವೃತ್ತಿಯಾದ ಮೇಲೆ ಮಾಗಡಿಯ ತಂಗಿಯ ಮನೆಗೆ ಹೋದರು. ಹೋದ ವರ್ಷ ತೀರಿಕೊಂಡ ಸುದ್ದಿ ನನಗೆ ತಡವಾಗಿ ತಲುಪಿತು. ಈಗಲೂ ದಾರಿಯಲ್ಲಿ ಯಾರಾದರೂ ಕೆಲಸದಲ್ಲಿ ಮೈಮರೆತದ್ದು ಕಂಡರೆ, ಇವರನ್ನು ಮೇಡಂಗೆ ತೋರಿಸಬೇಕು ಅಂದುಕೊಳ್ಳುತ್ತೇನೆ. ಅಂದುಕೊಂಡ ಮೇಲೆ ನೆನಪಾಗುತ್ತದೆ.