ಮೊಣಕೈ ಅದ್ದಿ ನೋಡಿದವಳು

ನಾನು ರಾಮನಗರದ ರೀಲರ್ ಮನೆಯ ಹುಡುಗಿ. ಬಾಂಡ್ಲಿಯ ಕುದಿಯುವ ನೀರಿನಲ್ಲಿ ಬೇಯುವ ರೇಷ್ಮೆಗೂಡಿನ ತುದಿನೂಲನ್ನು ಬೆರಳಿನಿಂದ ಹುಡುಕಿ ತೆಗೆಯುವುದನ್ನು ಒಂಬತ್ತನೇ ವಯಸ್ಸಿಗೇ ಕಲಿತೆ. ಮೊದಮೊದಲು ಬೆರಳಿಗೆ ಬೊಬ್ಬೆ ಬಂದು ಅತ್ತರೆ ಅಮ್ಮಿ ಅದೇ ಬೆರಳನ್ನು ಹಿಡಿದು ಮತ್ತೆ ನೀರಿಗೆ ಅದ್ದುತ್ತಿದ್ದಳು. ಎರಡು ವರ್ಷದಲ್ಲಿ ಅಳು ನಿಂತಿತು. ಬೆರಳಿಗೆ ಬಿಸಿ ತಾಗುವುದೂ ನಿಂತಿತು.

ಆ ನೀರಿನಿಂದ, ಸತ್ತ ಹುಳುವಿನ ಆ ವಾಸನೆಯಿಂದ ತಪ್ಪಿಸಿಕೊಳ್ಳಲಿಕ್ಕೇ ನಾನು ನರ್ಸಿಂಗ್ ಸೇರಿದ್ದು. ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಮಾಗಡಿಗೆ ಹೋಗುವ ಬಸ್ಸುಗಳು ಅದರ ಗೇಟಿನ ಮುಂದೆ ನಿಲ್ಲುತ್ತಿದ್ದವು ಎಂದರೆ ಸಾಕು.

ನಮ್ಮ ವಾರ್ಡ್ ಸಿಸ್ಟರ್ ಕಲಿಸುತ್ತಿದ್ದುದು ಬಾಯಿಂದಲ್ಲ, ಉಗುರಿನಿಂದ. ಹಾಸಿಗೆಯ ಚಾದರದಲ್ಲಿ ಒಂದು ಸುಕ್ಕು ಕಂಡರೆ ತೋಳಿನ ಒಳಭಾಗವನ್ನು ಚಿವುಟುತ್ತಿದ್ದರು, ರೋಗಿಗಳ ಎದುರೇ. ಉಸಿರು ಎಣಿಸದೆ ಎಲ್ಲರಿಗೂ ಇಪ್ಪತ್ತು ಎಂದು ಬರೆದಿದ್ದಕ್ಕೆ ಒಮ್ಮೆ ನನ್ನನ್ನು ಇಡೀ ಮಧ್ಯಾಹ್ನ ವಾರ್ಡಿನ ಬಾಗಿಲಲ್ಲಿ ನಿಲ್ಲಿಸಿ, ಬಂದವರಿಗೆಲ್ಲ "ಇವಳು ಹೆಣದ ಉಸಿರನ್ನೂ ಇಪ್ಪತ್ತು ಅಂತ ಬರೀತಾಳೆ" ಎಂದು ಪರಿಚಯಿಸಿದರು. ಸಂಜೆ ಕರೆದು ಹೇಳಿದರು: "ಇನ್ನೊಂದು ತಪ್ಪು ಮಾಡಿದರೆ ಪರೀಕ್ಷೆಗೆ ಕೂರಿಸಲ್ಲ. ನಿಮ್ಮಪ್ಪನ ಬಾಂಡ್ಲಿ ಮುಂದೆ ಹೋಗಿ ಕೂತ್ಕೊ." ಅವರ ಬಾಯಿಂದ ಬಂದ ಮಾತು ಸುಳ್ಳಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೆದರಿ ಹೋದೆ.

ಆ ವಾರವೇ ಕುದೂರು ಕಡೆಯ ಒಂದು ಮುದುಕಿ ಸೇರಿದಳು. ಲಕ್ವ ಹೊಡೆದು ಎಡಗಾಲು, ಎಡಗೈ ಸತ್ತಿದ್ದವು. ನಾಲಿಗೆ ಮಾತ್ರ ಗಟ್ಟಿಮುಟ್ಟಾಗಿತ್ತು. ಸಕ್ಕರೆ ಕಾಯಿಲೆಯೂ ಇತ್ತು. ನೋಡಿಕೊಳ್ಳಲು ಬಂದಿದ್ದವಳು ಸೊಸೆ, ಸೊಂಟದಲ್ಲಿ ಎಂಟು ತಿಂಗಳ ಕೂಸು. ಹಾಲುಣಿಸಲು ಕೂತರೂ ಬೈಗುಳ, ಎದ್ದರೂ ಬೈಗುಳ. ಸೊಸೆ ಎದುರಾಡಿದ್ದನ್ನು ನಾನು ನೋಡಲಿಲ್ಲ.

ಒಂದು ಬೆಳಿಗ್ಗೆ ಮುದುಕಿಯ ಪಾದ ತಣ್ಣಗಿದೆಯೆಂದು ಸಿಸ್ಟರ್ ಬಿಸಿನೀರಿನ ಬ್ಯಾಗ್ ಇಡಲು ಹೇಳಿದರು. ಕ್ರಮ ನನಗೆ ಬಾಯಿಪಾಠ. ಮುಕ್ಕಾಲು ತುಂಬಬೇಕು, ಗಾಳಿ ಹೊರಡಿಸಬೇಕು, ಬಟ್ಟೆಯ ಕವರ್ ಹಾಕಬೇಕು, ಮೊಣಕೈಯ ಒಳಭಾಗಕ್ಕೆ ತಾಗಿಸಿ ನೋಡಬೇಕು. ಸ್ಪರ್ಶ ಸತ್ತ ಕಾಲಾದರೆ ನೀರು ಬರೀ ಉಗುರುಬೆಚ್ಚಗಿರಬೇಕು, ಆ ಕಾಲು ಉರಿ ಎಂದು ಕೂಗುವುದಿಲ್ಲ. ಎಲ್ಲ ಮಾಡಿದೆ, ಮೊಣಕೈ ಒಂದನ್ನು ಬಿಟ್ಟು. ಬಿಸಿನೀರಿನ ವಿಷಯದಲ್ಲಿ ನನಗೇ ಪಾಠವೇ ಎಂಬ ಜಂಬ. ಜಗ್ಗಿನಲ್ಲಿ ಬೆರಳು ಅದ್ದಿದೆ, ಹದವಾಗಿದೆ ಅನಿಸಿತು.

ಬ್ಯಾಗನ್ನು ಮುಟ್ಟಿದ ಸೊಸೆ ಕೈ ಹಿಂದಕ್ಕೆ ಎಳೆದುಕೊಂಡಳು.

"ಸಿಸ್ಟ್ರೇ, ಒಸಿ ಬಿಸಿ ಜಾಸ್ತಿ ಐತೆ ಕಣ್ರೀ. ಮಗೀಗೆ ನೀರುಯ್ಯೋವಾಗ ನಾವು ಮೊಣಕೈ ಅದ್ದಿ ನೋಡ್ತೀವಿ."

"ನರ್ಸಿಂಗ್ ಓದ್ತಿರೋದು ನೀನಾ ನಾನಾ? ಸುಮ್ಮನೆ ಕೂತ್ಕೊ" ಎಂದೆ. ಸಿಸ್ಟರಿಗೆ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ. ಯಾರನ್ನಾದರೂ ಗದರಿಸುವ ಸರದಿ ನನಗೂ ಬಂತಲ್ಲ ಎಂದು ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಮಧ್ಯಾಹ್ನ ಸಿಸ್ಟರ್ ಕಂಬಳಿ ಸರಿಸಿದಾಗ ಎಡ ಅಂಗಾಲಿನ ಚರ್ಮ ಎದ್ದುಬಂದಿತ್ತು. ಹಿಮ್ಮಡಿಯಿಂದ ಬೆರಳಿನವರೆಗೆ ನೀರು ತುಂಬಿದ ಬೊಬ್ಬೆ. ಮುದುಕಿಗೆ ನೋವಿರಲಿಲ್ಲ, ಕಣ್ಣಾರೆ ನೋಡಿದ ಮೇಲೆಯೇ ಅವಳಿಗೆ ತಿಳಿದದ್ದು. ಕಿರುಚಿಕೊಂಡಳು. ಬುತ್ತಿ ತಂದು ಬಾಗಿಲಲ್ಲಿ ನಿಂತಿದ್ದ ಮಗನಿಗೆ, "ಸುಟ್ಬುಟ್ಳು ಕಣ್ಲಾ ನಿನ್ನೆಡ್ತಿ! ನಾನು ಸಾಯ್ಲಿ ಅಂತ ಕಾಯ್ತಾವ್ಳೆ!" ಎಂದಳು.

ಸಿಸ್ಟರ್ ನನ್ನತ್ತ ತಿರುಗಿದರು. "ನೀರು ನೋಡಿದ್ದು ಯಾರು?"

ಸೊಸೆ ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಕಣ್ಣೆದುರು ಅಪ್ಪನ ಬಾಂಡ್ಲಿ ಬಂತು.

"ನಾನು ಸರಿಯಾಗೇ ಕೊಟ್ಟಿದ್ದೆ ಸಿಸ್ಟರ್. ಆರಿತು ಅಂತ ಇವರು ಆಮೇಲೆ ನೀರು ಬದಲಾಯಿಸಿರಬೇಕು."

ಗಂಡ ಅವಳಿಗೆ ಅಲ್ಲೇ, ಹದಿನಾರು ಹಾಸಿಗೆಗಳ ಎದುರು ಹೊಡೆದ. ಕೂಸು ಅವಳ ಸೊಂಟದ ಮೇಲೆಯೇ ಇತ್ತು. ಸಿಸ್ಟರ್ ಅವನನ್ನು ಹೊರಗೆ ಅಟ್ಟಿ, ನನಗೆ ಡ್ರೆಸ್ಸಿಂಗ್ ಟ್ರೇ ತರಲು ಹೇಳಿದರು. ತಂದುಕೊಟ್ಟೆ.

ಗಾಯ ಕೀವಾಯಿತು. ಸಕ್ಕರೆಯ ಮೈ, ಒಣಗಲಿಲ್ಲ. ಹತ್ತನೇ ದಿನ ಕಾಲಿನ ಎರಡು ಬೆರಳು ಕತ್ತರಿಸಿ ತೆಗೆದರು. ಆವತ್ತೇ ಗಂಡ ಕೂಸನ್ನು ಸೊಸೆಯ ಕೈಯಿಂದ ಕಿತ್ತು ತನ್ನ ಅಕ್ಕನಿಗೆ ಕೊಟ್ಟು, "ತವರಿಗೆ ನಡಿ. ಈ ಕಡೆ ತಲೆ ಹಾಕಿದ್ರೆ ಕಾಲ್ ಮುರೀತೀನಿ" ಎಂದ.

ಅವಳು ವರಾಂಡದ ನಲ್ಲಿಯ ಬಳಿ ಬಟ್ಟೆಗಂಟು ಕಟ್ಟುತ್ತಿದ್ದಳು. ಎದೆಹಾಲು ಸುರಿದು ರವಿಕೆ ಒದ್ದೆಯಾಗಿತ್ತು. ನಾನು ತಪ್ಪಿಸಿಕೊಂಡು ಹೋಗಬೇಕೆಂದಿದ್ದೆ. ನನ್ನ ಕೈ ಹಿಡಿದಳು. ಬೆರಳ ತುದಿಗಳನ್ನು ಒಂದೊಂದಾಗಿ ಒತ್ತಿ ನೋಡಿದಳು.

"ನಮ್ಮವ್ವನ ಕೈಯೂ ಹಿಂಗೇಯ. ಗೂಡು ಬೇಯ್ಸಿ ಬೇಯ್ಸಿ ಬಿಸಿ ಅಂದ್ರೇನು ಅಂತ್ಲೇ ಮರ್ತೋಗೈತೆ. ನಿಮ್ಮ ಕೈ ಜಗ್ಗಿಗೆ ಇಳ್ದಾಗ್ಲೇ ನಂಗೆ ಗೊತ್ತಾಯ್ತು."

"ಗೊತ್ತಿದ್ದರೆ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. ಕೇಳುವಷ್ಟು ನಾಚಿಕೆಗೆಟ್ಟಿದ್ದೆ.

"ಯೋಳಿದ್ನಲ್ಲಕ್ಕ. ಮೊದ್ಲು ನಿಮ್ಗೇ ಯೋಳಿದ್ದು."

ಗಂಟು ಎತ್ತಿಕೊಂಡು ಬಸ್ಸಿನ ಕಡೆಗೆ ಹೋದಳು. ಸಿಸ್ಟರ್ ಹತ್ತಿರ ನಿಜ ಹೇಳಲು ನನಗೆ ಅರ್ಧ ನಿಮಿಷ ಸಾಕಿತ್ತು. ಬಸ್ಸು ಹೊರಡಲು ಕಾಲು ಗಂಟೆ ಹಿಡಿಯಿತು. ನಾನು ಥರ್ಮಾಮೀಟರ್ ತೊಳೆಯುತ್ತ ನಿಂತೆ.

ಮುಂದಿನ ತಿಂಗಳು ಪ್ರಾಯೋಗಿಕ ಪರೀಕ್ಷೆ. ನಾನು ಎತ್ತಿದ ಚೀಟಿಯಲ್ಲಿ ಬಿಸಿನೀರಿನ ಬ್ಯಾಗ್ ಎಂದೇ ಇತ್ತು. ತುಂಬಿದೆ, ಗಾಳಿ ಹೊರಡಿಸಿದೆ, ಕವರ್ ಹಾಕಿ ತೋಳು ಮಡಿಸಿ ಮೊಣಕೈಗೆ ತಾಗಿಸಿದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು, "ಬೆರಳು ಬಿಟ್ಟು ಮೊಣಕೈಯೇ ಯಾಕಮ್ಮ?" ಎಂದು ಕೇಳಿದರು.

"ಮಗುವಿಗೆ ನೀರು ಹಾಕುವ ತಾಯಂದಿರು ಹೀಗೇ ನೋಡ್ತಾರೆ ಸರ್" ಎಂದೆ.

ಅವರಿಗೆ ಉತ್ತರ ಬಹಳ ಹಿಡಿಸಿತು. ವಾರ್ಡ್ ಸಿಸ್ಟರ್ ಮೊದಲ ಸಲ ನನ್ನ ಬೆನ್ನು ತಟ್ಟಿದರು.