‘ಬಂತು’ ಎನ್ನುವ ಲೈಟಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಕಿಟಕಿಯಿಲ್ಲದ ಕೋಣೆಯಲ್ಲಿ ಲೈಟಕ್ಕ ಕಪ್ಪು ಕನ್ನಡಕಗಳನ್ನು ಒರೆಸುತ್ತಿದ್ದಾರೆ. ಚರ್ಮಕ್ಕೆ ಲೇಸರ್ ಬೆಳಕು ಬಿಡುವ ನರ್ಸ್ ಇವರು; ಹೆಸರು ರೋಗಿಗಳೇ ಇಟ್ಟದ್ದು. ಕೆಲಸಕ್ಕೆ ಹೋಗುವ ಮುಂಚೆ ಮುಗಿಸಿಕೊಳ್ಳೋಣವೆಂದು ಬಂದವರು ಬಾಗಿಲ ಹೊರಗೆ ಕೂತಿದ್ದಾರೆ. ಎದುರುಬದುರು ಕೂತರೂ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ಮೊದಲು ಒಳಬಂದವರು ಒಬ್ಬ ದರ್ಜಿ. ಸೋರಿಯಾಸಿಸ್‌ನಿಂದ ಮೊಣಕೈ ಕೆಂಪಾಗಿ, ಚರ್ಮ ಹೊಟ್ಟು ಹೊಟ್ಟಾಗಿ ಉದುರುತ್ತಿದೆ. ಬೆಳಕು ಒಳಗಿಳಿಯಲೆಂದು ಲೈಟಕ್ಕ ಎಣ್ಣೆ ಸವರುತ್ತಾರೆ.

“ಕೆರ್ಕೊಂಡ್ರಾ?”

“ಅಯ್ಯೋ, ಇಲ್ಲಕ್ಕಾ.”

“ನಿಮ್ಮ ಉಗುರು ಬೇರೆ ಕಥೆ ಹೇಳ್ತಿದೆಯಲ್ಲಾ!”

ತೊನ್ನಿನವರ ಸಂಕಟ ಬೇರೆ. ಆ ಪದವನ್ನು ಲೈಟಕ್ಕ ಬಾಯಿಗೇ ತರುವುದಿಲ್ಲ, ‘ಬಿಳುಪು’ ಅನ್ನುತ್ತಾರೆ. ತಿಂಗಳುಗಟ್ಟಲೆ ಬೆಳಕು ಬಿದ್ದ ಮೇಲೆ, ಅದೃಷ್ಟವಿದ್ದರೆ, ರೋಮದ ಬುಡದಲ್ಲಿ ಸಾಸಿವೆಯಷ್ಟು ಕಂದು ಚುಕ್ಕೆ ಏಳುತ್ತದೆ. ಆಗ ಅವರು “ಬಂತು” ಎನ್ನುತ್ತಾರೆ. ಆ ಒಂದು ಮಾತಿಗಾಗಿ ಜನ ಜೀವ ಕೈಯಲ್ಲಿ ಹಿಡಿದು ಕಾಯುತ್ತಾರೆ.

ಅದನ್ನು ನಂಬದವಳು ಒಬ್ಬಳೇ, ಅವರ ಸ್ವಂತ ಮಗಳು. ಯಾಕೆಂದು ಲೈಟಕ್ಕನೇ ನನಗೆ ಹೇಳಿದರು.

“ಅವಳಿಗೆ ಬೆರಳ ತುದೀಲಿ ಬಿಳುಪು. ಅಲ್ಲಿ ರೋಮ ಇಲ್ಲ, ಬಣ್ಣ ಬರೋದು ಕಷ್ಟ ಅಂತ ನಂಗೊತ್ತು. ಲೇಸರ್ ಬಿಟ್ಟ ಮಾರನೇ ದಿನ ಕೆಂಪಗಾಗಿತ್ತು. ಅದು ಬರೀ ಬಿಸಿಯ ಕೆಂಪು. ಆದ್ರೂ ‘ಬಂತು ಕಣೇ’ ಅಂದ್ಬಿಟ್ಟೆ. ಹೆತ್ತ ಕರುಳು, ತಡೀಲಿಲ್ಲ.”

ಮಗಳು ಕುಣಿದಾಡಿಕೊಂಡು ಕಾಲೇಜಿನಲ್ಲೆಲ್ಲ ಕೈ ತೋರಿಸಿ ಬಂದಳು. ಕೆಂಪು ಇಳಿಯಿತು, ಬೆರಳು ಮತ್ತೆ ಬೆಳ್ಳಗಾದವು. ಗೆಳತಿಯರು ಮುಸಿಮುಸಿ ನಕ್ಕರು. ಅವತ್ತಿನಿಂದ ಅವಳು ಈ ಕೋಣೆಗೆ ಕಾಲಿಟ್ಟಿಲ್ಲ.

ಈಗ ಅವಳ ಕತ್ತಿನ ಮೇಲೆ ಹೊಸ ಬಿಳುಪು ಎದ್ದಿದೆ. ಅಲ್ಲಿ ರೋಮವಿದೆ, ಬಣ್ಣ ಬರಬಹುದು. ಆದರೆ ರೋಮವೂ ಬೆಳ್ಳಗಾಗಿಬಿಟ್ಟರೆ ಆ ಆಸೆಯೂ ಕಡಿಮೆಯೇ. ಕೆಲಸಕ್ಕೆ ಹೊರಡುವಾಗ ತಾಯಿ, ಮಲಗಿರುವ ಮಗಳ ಕತ್ತನ್ನು ಬಗ್ಗಿ ನೋಡುತ್ತಾರೆ. ಅಂಚಿನ ರೋಮಗಳು ಆಗಲೇ ನರೆತಿವೆ. ಬಾರೇ ಎಂದು ಕರೆದರೆ ಸಿಗುವ ಉತ್ತರ ಒಂದೇ: “ನಿನ್ನ ಪೇಷಂಟ್‌ಗಳಿಗೆ ಹೇಳ್ಕೋ ಹೋಗಮ್ಮಾ.”

ನಿಮ್ಮ ಆಸೆ ಏನು ಎಂದು ಕೇಳಿದೆ. ಅವರು ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿದರು.

“ಬೇರೆ ಆಸ್ಪತ್ರೆಗಾದ್ರೂ ಹೋಗ್ಲಿ ಸರ್, ಬೇಗ ಹೋಗ್ಲಿ. ಅಲ್ಲಿ ಯಾರಾದ್ರೂ ‘ಬಂತು’ ಅನ್ಲಿ, ಅವಳು ನಂಬ್ಲಿ. ನಾನಾಗ್ದಿದ್ರೂ ಪರವಾಗಿಲ್ಲ.”