ಕುಂಡದ ಮೇಲಿನ ಬಿಳಿ

ರಸ್ತೆ ಅಗಲ ಮಾಡುವಾಗ ಮನೆ ಮುಂದಿನ ಅಂಗಳ ಹೋಯಿತು. ಬಾಬುರಾಯನಕೊಪ್ಪಲಿನ ದೊಡ್ಡತಾಯಮ್ಮ ತನ್ನ ಗಿಡಗಳನ್ನೆಲ್ಲ ಕುಂಡಕ್ಕೆ ಹಾಕಿ ನಡುಮನೆಗೆ ತಂದಿಟ್ಟುಕೊಂಡಳು. ಹಸು ಕಟ್ಟಿ, ಗದ್ದೆ ನಾಟಿ ಮಾಡಿ ಅರವತ್ತೆರಡು ವರ್ಷ ಕಳೆದ ಹೆಂಗಸು. ಆದರೆ ಮಣ್ಣನ್ನು ಸೂರಿನಡಿ ಸಾಕಿದ್ದು ಅದೇ ಮೊದಲು. ಎರಚಲು ಹೊಡೆಯುತ್ತದೆಂದು ಮಳೆಗಾಲವಿಡೀ ಕಿಟಕಿ ಮುಚ್ಚೇ ಇತ್ತು.

ಗೌರಿ ಹಬ್ಬದ ಮರುದಿನ ನೋಡಿದರೆ ಕುಂಡದ ಮಣ್ಣಿನ ಮೇಲೆ ಬಿಳಿ, ಯಾರೋ ಬೂದಿ ಉದುರಿಸಿದ ಹಾಗೆ. ಕೆರೆದು ಎಸೆದಳು. ನಾಲ್ಕು ದಿನಕ್ಕೆ ಮತ್ತೆ ಬಂತು.

ಅನುಮಾನ ನೇರವಾಗಿ ಪಕ್ಕದ ಮನೆಯ ಓರಗಿತ್ತಿ ಸುನಿತಾ ಮೇಲೆ ಹೋಯಿತು. ದಿನಾ ಸಂಜೆ ಬಂದು ಕುಂಡಗಳ ಪಕ್ಕದಲ್ಲೇ ಕೂರುವವಳು ಅವಳೊಬ್ಬಳೇ. "ನಮ್ಮನೇಲಿ ಒಂದ್ ಗಿಡಾನೂ ಇಂಗೆ ಬರಲ್ಲ ಕನಕ್ಕ" ಎಂದು ಹಬ್ಬದ ದಿನವೇ ಅಂದಿದ್ದಳು. ಅಂದಿನಿಂದ ಅವಳು ಬಂದಾಗಲೆಲ್ಲ ದೊಡ್ಡತಾಯಮ್ಮನ ಕಣ್ಣು ಅವಳ ಕೈ ಮೇಲೆ, ಸೆರಗಿನ ಗಂಟಿನ ಮೇಲೆ.

"ಕುಂಡಕ್ಕೆಲ್ಲ ಯಾರ್ ಮಾಟ ಮಾಡ್ತಾರೆ, ಸುಮ್ನಿರು" ಎಂದ ಗಂಡ ಬೋರಯ್ಯ.

"ನೀವ್ ಯಾವತ್ತೂ ನಿಮ್ ತಮ್ಮನ್ ಕಡೆಯವ್ರೇ" ಎಂದಳು.

ಒಂದು ಸಂಜೆ ತಡೆಯಲಾಗದೆ ಹೇಳಿಯೇಬಿಟ್ಟಳು. "ಸುನಿತಾ, ಕುಂಡದ್ ತಾವ ಕೂರ್ಬ್ಯಾಡ. ಏನೇನೋ ಉದುರ್ತದೆ."

ಸುನಿತಾ ಕಾಫಿ ಲೋಟ ಕೆಳಗಿಟ್ಟು ಎದ್ದು ಹೋದಳು. ಮತ್ತೆ ಬರಲಿಲ್ಲ.

ಬಿಳಿ ಮಾತ್ರ ಬಂತು. ಡೈರಿಗೆ ಹೋಗುವಾಗ ಬಾಗಿಲಿಗೆ ಬೀಗ ಹಾಕಿದರೂ ಬಂತು. ಹಾಗಾದರೆ ಮಣ್ಣೇ ಕಲಬೆರಕೆ ಇರಬೇಕು ಎಂದುಕೊಂಡು, ಒಂದು ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಆಟೋ ಹತ್ತಿ, ಕುಂಡಕ್ಕೆ ಮಣ್ಣು ಮಾರಿದ್ದ ರಂಗಸ್ವಾಮಿಯ ಗಂಜಾಂ ನರ್ಸರಿಗೆ ಹೋದಳು.

ರಂಗಸ್ವಾಮಿ ಜಗಳಕ್ಕೆ ಬರಲಿಲ್ಲ. ಕುಂಡ ಮೂಸಿದ. ಮಣ್ಣಿನೊಳಗೆ ಬೆರಳು ಇಳಿಸಿದ. ಬೆರಳು ಕೆಸರಾಗಿ ಮೇಲೆ ಬಂತು.

"ಇದು ಬೂಷ್ಟು ಕನವ್ವ. ಉಪ್ಪಿನಕಾಯ್ಗೆ ಬರಲ್ವಾ, ಅದೇ. ಯಾವ್ ನೀರು ಉಯ್ತೀರ?"

"ಹಾಲಿನ್ ಕ್ಯಾನ್ ತೊಳ್ದ ನೀರು. ಗಿಡಕ್ಕೆ ಸಕ್ತಿ ಬರ್ಲಿ ಅಂತ."

"ಸಕ್ತಿ ಬೂಷ್ಟಿಗೆ ಬಂದದೆ." ಅವನು ನಗದೆಯೇ ಹೇಳಿದ. "ಮೂಗಿಗೆ ಬಟ್ಟೆ ಕಟ್ಕೊಂಡು ಮೇಲಿನ್ ಮಣ್ಣು ಕೆರ್ದಾಕಿ. ತಳದ್ ತಟ್ಟೇಲಿ ನೀರು ನಿಲ್ಲುಸ್ಬ್ಯಾಡಿ. ಕಿಟಕಿ ತೆಗೀರಿ. ಬೆರಳಿಟ್ಟು ನೋಡಿ, ಒಣಗಿದ್ರೆ ಮಾತ್ರ ಬರೀ ನೀರು ಉಯ್ಯಿ."

ತನ್ನ ತಪ್ಪು ಮುಚ್ಚಿಕೊಳ್ಳಲು ಹೇಳಿದನೆಂದೇ ದೊಡ್ಡತಾಯಮ್ಮನಿಗೆ ಅನಿಸಿತು. ಮನೆಗೆ ಬಂದು ಪರೀಕ್ಷೆಗೆ ಇಳಿದಳು. ಮೂರು ಕುಂಡಗಳ ಮೇಲುಮಣ್ಣು ಕೆರೆದಳು. ಒಂದಕ್ಕೆ ಹಾಲಿನ ಕ್ಯಾನ್ ತೊಳೆದ ನೀರು, ಇನ್ನೊಂದಕ್ಕೆ ದಿನಾ ನಲ್ಲಿ ನೀರು. ಮೂರನೆಯದನ್ನು ಮೂಲೆಯ ಕಿಟಕಿ ತೆಗೆದು ಅಲ್ಲಿಟ್ಟು, ರಂಗಸ್ವಾಮಿ ಹೇಳಿದಂತೆ ಬೆರಳಿಟ್ಟು ನೋಡಿ ನೀರು ಹಾಕಿದಳು. ಬೋರಯ್ಯನಿಗೂ ಮುಟ್ಟಲು ಬಿಡಲಿಲ್ಲ.

ಎಂಟನೇ ದಿನ ಮೊದಲನೆಯದರ ಮೇಲೆ ಹತ್ತಿ ಹಾಸಿದಂತೆ ಬಿಳಿ. ಎರಡನೆಯದರ ಅಂಚಿನಲ್ಲಿ ಸಣ್ಣಗೆ ಶುರುವಾಗಿತ್ತು. ಮೂರನೆಯದು ಶುದ್ಧವಾಗಿತ್ತು. ಮೂರಕ್ಕೂ ನೀರು ಹಾಕಿದ್ದು ತನ್ನದೇ ಕೈ. ಅವಳು ಎದ್ದು ಪಕ್ಕದ ಮನೆಗೆ ಹೋದಳು.

ಸುನಿತಾ ಕೊಟ್ಟಿಗೆ ಗುಡಿಸುತ್ತಿದ್ದಳು. ಕೂರು ಅನ್ನಲಿಲ್ಲ.

"ಅದು ಬೂಷ್ಟು ಕಣೆ. ನಾನೇ ಬರಿಸ್ಕೊಂಡಿದ್ದು. ನಿನ್ ಮೇಲೆ ಅನ್ಮಾನ ಪಟ್ಬುಟ್ಟೆ."

ಸುನಿತಾ ಪೊರಕೆ ನಿಲ್ಲಿಸಿದಳು. "ನಾನೂ ಪಟ್ಟಿದ್ದೆ ಅಕ್ಕ. ನಮ್ ಹಸ ಹಾಲು ಕಮ್ಮಿ ಮಾಡ್ಬುಟ್ಟದೆ. ನಿಮ್ ಕಣ್ಣು ತಾಗ್ಬುಟ್ಟದೆ ಅಂದ್ಕೊಂಡೆ."

ದೊಡ್ಡತಾಯಮ್ಮನಿಗೆ ಚುರುಕ್ಕೆಂದಿತು. ಆದರೆ ಕೊಟ್ಟಿಗೆಯಲ್ಲಿ ತನ್ನ ಕುಂಡಗಳದ್ದೇ ಮುಗ್ಗಲು ವಾಸನೆ ಇತ್ತು.

"ಹಿಂಡಿ ಚೀಲ ಎಲ್ಲಿಕ್ಕಿದ್ದೀಯ?"

"ಅಗೋ, ಗೋಡೆಗೊರಗ್ಸಿದ್ದೀನಿ."

ಮಳೆಗೆ ಆ ಗೋಡೆ ನೆನೆದಿತ್ತು. ಇಬ್ಬರೂ ಚೀಲ ಎಳೆದು ಮಗುಚಿದರು. ತಳದ ಹಿಂಡಿ ಹಸಿರು ಬೂಷ್ಟು ಹಿಡಿದು ಗಡ್ಡೆ ಕಟ್ಟಿತ್ತು. ಹಸು ತಿನ್ನುತ್ತಿದ್ದದ್ದು ಇದನ್ನೇ. ಹಿತ್ತಲಲ್ಲಿ ಗುಂಡಿ ತೋಡಿ ಅಷ್ಟನ್ನೂ ಮುಚ್ಚಿದರು.

"ನನ್ ಮೇಲೆ ಯಾವಾಗ್ನಿಂದ ಅನ್ಮಾನ?" ಗುದ್ದಲಿ ಒರೆಸುತ್ತಾ ಸುನಿತಾ ಕೇಳಿದಳು.

"ಗೌರಿ ಹಬ್ಬದಿಂದ."

"ನಂದು ಭೀಮನ್ ಅಮಾಸೆಯಿಂದ" ಎಂದಳು ಸುನಿತಾ.